ನೀರಿನ ಕೆಳಗೆ ಕೂತದ್ದು

ಪಂಚನಾಮೆಯ ಒಂದು ಸಾಲು ಓದಿದ ಮೇಲೆ ಮಲ್ಲಾಬಾಯಿಗೆ ಅಳು ನಿಂತುಹೋಯಿತು. ತಮ್ಮ ಹುಲಗಪ್ಪ ಸತ್ತು ಮೂರು ದಿನವಾಗಿತ್ತು, ಆ ಮೂರು ದಿನವೂ ಆಕೆ ಅತ್ತದ್ದೇ ಅತ್ತದ್ದು. ನಾಲ್ಕನೆಯ ದಿನ ಹೆಡ್‌ಕಾನ್‌ಸ್ಟೇಬಲ್ ಜಲಾಲುದ್ದೀನ ಸಹಿಗಾಗಿ ಕಾಗದ ಮುಂದೆ ಹಿಡಿದ. ಏಳನೆಯ ಇಯತ್ತೆವರೆಗೆ ಶಾಲೆಗೆ ಹೋಗಿದ್ದ ಮಲ್ಲಾಬಾಯಿ ಬೆರಳಿಟ್ಟು ನಿಧಾನಕ್ಕೆ ಓದಿದಳು. ‘ಮೃತನು ಮದ್ಯಪಾನ ಮಾಡಿದ ಅಮಲಿನಲ್ಲಿ ಬಾವಿಗೆ ಇಳಿದು, ಪ್ರಜ್ಞೆ ತಪ್ಪಿ ನೀರಿಗೆ ಬಿದ್ದು...’

ಬೆರಳು ಅಲ್ಲೇ ನಿಂತಿತು. ಇದನ್ನು ಯಾರು ಹೇಳಿದರು ಎಂದು ಕೇಳಿದಳು. ಜಲಾಲುದ್ದೀನ ಕೆಟ್ಟ ಮನುಷ್ಯನೇನಲ್ಲ. ಮೇಲೆತ್ತಿದಾಗ ಬಾಯಿಂದ ಸಿಹಿ ವಾಸನೆ ಬರುತ್ತಿತ್ತಂತೆ, ಒಳಗಿದ್ದಾಗ ನಾಲಗೆ ತೊದಲುತ್ತಿತ್ತಂತೆ, ಸುಮ್ಮಸುಮ್ಮನೆ ನಗುತ್ತಿದ್ದನಂತೆ, ನೋಡಿದವರೇ ಹಾಗೆ ಹೇಳಿದ್ದಾರೆ ಎಂದ. ಅವನು ಕುಡಿಯುತ್ತಿದ್ದದ್ದು ಊರಿಗೇ ಗೊತ್ತಲ್ಲ ಎಂದೂ ಸೇರಿಸಿದ.

“ಕುಡೀತಿದ್ದ, ಇಲ್ಲ ಅನ್ನಂಗಿಲ್ಲ. ಅವತ್ತು ಕುಡದಿದ್ದಿಲ್ಲ. ಮುಂಜಾನಿ ನನ್ನ ಮನ್ಯಾಗ ರೊಟ್ಟಿ ತಿಂದು ಸೀದಾ ಬಾವಿಗಿ ಹೋಗ್ಯಾನ.” ಮಲ್ಲಾಬಾಯಿ ಪೆನ್ನು ಮೇಜಿನ ಮೇಲಿಟ್ಟಳು. “ಇದಕ್ಕ ನಾ ಸಹಿ ಮಾಡಂಗಿಲ್ರಿ.”

ಅವರ ಊರು ತುಂಬಗೇರಾ, ಕಾರ್ಖಾನೆಗಳಿರುವ ಕಡೇಚೂರಿನಿಂದ ಎರಡು ಮೈಲಿ. ಊರಿನ ಕೆಳಗಿನ ಓಣಿಗೆಲ್ಲ ಒಂದೇ ಬಾವಿ. ಎರಡು ತಿಂಗಳಿಂದ ಆ ನೀರಿಗೆ ಏನೋ ಒಂಥರಾ ಸಿಹಿ ವಾಸನೆ ಹತ್ತಿತ್ತು. ಬಾವಿಗೆ ಕೂರಿಸಿದ ಡೀಸೆಲ್ ಪಂಪು ಪದೇ ಪದೇ ಕೆಡುತ್ತಿತ್ತು. ಪೈಪಿನ ತಳದಲ್ಲಿ ನೀರು ಹಿಡಿದಿಡುವ ರಬ್ಬರಿನ ಮುಚ್ಚಳ ಉಬ್ಬಿ ಮೆತ್ತಗಾಗಿ ಕಿತ್ತು ಬರುತ್ತಿತ್ತು. ಹೊಸದು ಹಾಕಿದರೆ ಎಂಟು ದಿನಕ್ಕೆ ಅದರ ಗತಿಯೂ ಅಷ್ಟೇ. ಏಪ್ರಿಲ್ ಕೊನೆಯ ವಾರ, ಬಿಸಿಲು ನಲವತ್ತಮೂರಕ್ಕೆ ಏರಿದ್ದ ದಿನ, ಹುಲಗಪ್ಪ ಮತ್ತು ಪಕ್ಕದ ಮನೆಯ ತಿರುಪತಿ ನೀರನ್ನೆಲ್ಲ ಮೇಲೆತ್ತಿ ಬಾವಿಯ ತಳ ಕಾಣುವ ಹಾಗೆ ಮಾಡಿದರು. ಮೊಣಕಾಲುದ್ದ ರಾಡಿ ಉಳಿದಿತ್ತು. ಹುಲಗಪ್ಪ ಇಳಿದು, ರಾಡಿ ಕಲಕಿ ಪೈಪಿನ ಬಾಯಿ ಹುಡುಕಿದ. ಕೆಳಗಿಂದ ಏನೋ ತೊದಲಿ ಮಾತಾಡಿದ, ನಕ್ಕ. ಮೇಲೆ ಬಾ ಎಂದು ತಿರುಪತಿ ಕೂಗುವಷ್ಟರಲ್ಲಿ ಕುಸಿದಿದ್ದ. ತಿರುಪತಿ ನಾಲ್ಕು ಮೆಟ್ಟಿಲು ಇಳಿದವನು ತಲೆ ಗಿರ್ರೆಂದು ತಿರುಗಿ ವಾಪಸು ಹತ್ತಿದ. ಕೊನೆಗೆ ಹಗ್ಗದ ಕೊಕ್ಕೆ ಬಿಟ್ಟು ಎಳೆದು ತೆಗೆದರು. ಯಾದಗಿರಿಯ ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಈ ವಿವರವನ್ನೆಲ್ಲ ಮಲ್ಲಾಬಾಯಿ ತಿರುಪತಿಯ ಬಾಯಿಂದ ಮತ್ತೆ ಮತ್ತೆ ಹೇಳಿಸಿ ಕೇಳಿದಳು. ಸಿಹಿ ವಾಸನೆ, ತೊದಲು, ನಗು, ಉಬ್ಬಿದ ರಬ್ಬರು. ಈ ನಾಲ್ಕನ್ನೂ ಆಕೆ ಬಲ್ಲಳು; ಬಿಡಿಯಾಗಿ ಹೊಳೆಯದ್ದು ಕೂಡಿಸಿದಾಗ ಹೊಳೆಯಿತು.

ಆರು ವರ್ಷದಿಂದ ಆಕೆ ಕಡೇಚೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದಳು. ಔಷಧಿ ಕಂಪನಿಗಳು ಬಳಸಿ ಬಿಟ್ಟ ದ್ರಾವಕಗಳನ್ನು ಟ್ಯಾಂಕರಿನಲ್ಲಿ ತಂದು, ಕಾಯಿಸಿ ಸೋಸಿ, ಮತ್ತೆ ಮಾರುವುದು ಆ ಕಾರ್ಖಾನೆಯ ಕೆಲಸ. ಮಲ್ಲಾಬಾಯಿಗೆ ಯಾರೂ ಪಾಠ ಮಾಡಿರಲಿಲ್ಲ. ಆದರೆ ತೊಳೆಯುವವಳಿಗೆ ತಿಳಿಯದ್ದು ಯಾವುದಿದೆ? ಅಸಿಟೋನು ನೀರಿನೊಂದಿಗೆ ಒಂದಾಗಿ ಹೋಗುತ್ತದೆ, ಒಂದು ಸಲ ಜಾಲಾಡಿಸಿದರೆ ಸಾಕು. ಟಾಲೀನು, ಹೆಕ್ಸೇನು ನೀರಿನ ಮೇಲೆ ಎಣ್ಣೆಯಂತೆ ತೇಲುತ್ತವೆ, ಅವಕ್ಕೆ ಸಾಬೂನು ಬೇಕು. ಡೈಕ್ಲೋರೋಮೀಥೇನು ಎಂಬುದೊಂದಿದೆ, ಎಲ್ಲರೂ ಡಿಸಿಎಂ ಎನ್ನುತ್ತಾರೆ, ಅದು ಮಾತ್ರ ನೀರಿನ ಕೆಳಗೆ ಹೋಗಿ ಕೂರುತ್ತದೆ. ಮೇಲೆ ಎಷ್ಟು ನೀರು ಸುರಿದರೂ ಅಲುಗಾಡುವುದಿಲ್ಲ. ಮೊದಲ ವರ್ಷ ಆಕೆ ಅದರ ಪಾತ್ರೆ ತೊಳೆದು ತೊಟ್ಟಿಗೆ ಚೆಲ್ಲಿದ್ದಕ್ಕೆ, ತೊಟ್ಟಿಯ ಕೆಳಗಿನ ಪ್ಲಾಸ್ಟಿಕ್ ಪೈಪಿನ ಬೆಸುಗೆಯೇ ಬಿಟ್ಟುಹೋಗಿ ಬೈಸಿಕೊಂಡಿದ್ದಳು. ಬೇಸಿಗೆಯಲ್ಲಿ ಅದರ ಡ್ರಮ್ಮಿನ ಮುಚ್ಚಳ ಸಡಿಲಿಸಿದರೆ ಬುಸ್ಸೆನ್ನುತ್ತಿತ್ತು. ನಲವತ್ತು ಡಿಗ್ರಿಗೇ ಕುದಿಯುವ ವಸ್ತು ಅದು; ಈ ಭಾಗದ ಬಿಸಿಲೇ ಅದಕ್ಕೆ ಒಲೆ. ಗಾಳಿಗಿಂತ ಭಾರವಾದ ಅದರ ಆವಿ ನೆಲ ಹಿಡಿದು ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆಂದು ಲ್ಯಾಬಿನವರು ಆಕೆಗೆ ಕೆಳಗಿನ ಕಪಾಟು ಒರೆಸುವಾಗ ಬಾಗಿಲು ತೆರೆದಿಟ್ಟುಕೋ ಎನ್ನುತ್ತಿದ್ದರು. ಅದನ್ನು ಮೂಸಿದ ಗುತ್ತಿಗೆ ಕೂಲಿಯೊಬ್ಬ ಒಮ್ಮೆ ಕುಡಿದವನಂತೆ ತೂರಾಡಿ ನಗುತ್ತಾ ಬಿದ್ದದ್ದನ್ನು ಆಕೆ ಕಣ್ಣಾರೆ ನೋಡಿದ್ದಳು.

ಊರ ಮೇಲುಗಡೆ ಹಳೆಯ ಕಲ್ಲುಗಣಿಯೊಂದಿದೆ. ಕಾರ್ಖಾನೆಯ ಹೊಲಸು ಸಾಗಿಸುವ ಗುತ್ತಿಗೆದಾರನ ಟ್ಯಾಂಕರು ಅತ್ತ ಹೋಗುವುದನ್ನು ಕುರಿ ಕಾಯುವವರು ನೋಡಿದ್ದರು. ಗಣಿಯ ಬಂಡೆಯ ಬಿರುಕಿನಲ್ಲಿ ಇಳಿದದ್ದು ಎಲ್ಲಿಗೆ ಬರಬೇಕು? ಬಾವಿಗೇ.

ಸಾವಿನ ಸುದ್ದಿಯೂ ನೀರಿನ ವಾಸನೆಯ ಮಾತೂ ಪತ್ರಿಕೆಯಲ್ಲಿ ಬಂದದ್ದರಿಂದ ಯಾದಗಿರಿಯ ಮಾಲಿನ್ಯ ನಿಯಂತ್ರಣ ಕಚೇರಿಯಿಂದ ಇಬ್ಬರು ಬಂದರು. ಅಷ್ಟರಲ್ಲಿ ಬಾವಿಗೆ ಎರಡಾಳು ನೀರು ಸೆಲೆಯೊಡೆದು ಬಂದಿತ್ತು. ಅವರು ಬಕೀಟು ಬಿಟ್ಟು ಮೇಲಿನ ನೀರು ಸೇದಿ, ಒಂದು ಪ್ಲಾಸ್ಟಿಕ್ ಕ್ಯಾನಿಗೆ ಅರ್ಧ ತುಂಬಿ, ಜೀಪಿನ ಹಿಂದಿಟ್ಟರು. ಊರ ಹೋಟೆಲಿನಲ್ಲಿ ಚಹಾ ಕುಡಿದು ಮಾತಾಡುವವರೆಗೆ ಜೀಪು ಬಿಸಿಲಲ್ಲೇ ನಿಂತಿತ್ತು. ಹತ್ತು ದಿನಕ್ಕೆ ಫಲಿತಾಂಶ ಬಂತು. ಉಪ್ಪು, ಸುಣ್ಣ, ಫ್ಲೋರೈಡು ಎಷ್ಟೆಷ್ಟಿವೆ ಎಂದು ಬರೆದು, ‘ಕೈಗಾರಿಕಾ ಮಾಲಿನ್ಯ ಕಂಡುಬಂದಿಲ್ಲ’ ಎಂದು ಮುಗಿಸಿದ್ದರು.

ಅದನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದ ದಿನ ಮಲ್ಲಾಬಾಯಿ ಓದಿಕೊಂಡೇ ಕೆಲಸಕ್ಕೆ ಬಂದಿದ್ದಳು. ಮಧ್ಯಾಹ್ನ ಹೊರಗಿನಿಂದ ಒಂದು ಟ್ಯಾಂಕರ್ ಬಂದಿತ್ತು. ಲ್ಯಾಬಿನ ಹುಡುಗರು ಅದರ ಮೇಲೆ ಹತ್ತಿ, ಭಾರದ ಪಂಜರದಲ್ಲಿ ಕೂರಿಸಿದ ಬಾಟಲಿಯನ್ನು ದಾರ ಕಟ್ಟಿ ಒಳಗೆ ಇಳಿಬಿಟ್ಟರು. ಬೂಚಿಗೆ ಬೇರೆ ದಾರ. ಬೇಕಾದ ಆಳಕ್ಕೆ ಹೋದ ಮೇಲೆ ಬೂಚಿನ ದಾರ ಜಗ್ಗಿದರೆ ಬಾಟಲಿ ಅಲ್ಲಿಯದನ್ನೇ ತುಂಬಿಕೊಳ್ಳುತ್ತದೆ. ಮೇಲಿನದೊಂದು, ನಡುವಿನದೊಂದು, ತಳದ್ದೊಂದು. ದಿನಾ ನೋಡುತ್ತಿದ್ದ ಕೆಲಸವೇ. ಅವತ್ತು ಮಾತ್ರ ಮಲ್ಲಾಬಾಯಿಯ ಕೈಯಲ್ಲಿದ್ದ ಬ್ರಶ್ಶು ನಿಂತಿತು. ಮೋಸವಾಗಬಾರದೆಂದು ಇವರು ತಮ್ಮ ಟ್ಯಾಂಕರಿನ ಮಾಲನ್ನು ಮೂರು ಕಡೆ ತೆಗೆದು ನೋಡುತ್ತಾರೆ. ತನ್ನ ತಮ್ಮ ಸತ್ತ ಬಾವಿಗೆ ಒಂದೇ ಬಕೀಟು. ಕೈಯಲ್ಲಿದ್ದ ಬ್ರಶ್ಶನ್ನು ತೊಟ್ಟಿಗೆ ಎಸೆದು, ಒಡೆದ ಗಾಜು ಹಾಕುವ ಪೆಟ್ಟಿಗೆಯಿಂದ ಅಂಚು ಮುಕ್ಕಾದ ಎರಡು ಬಾಟಲಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ತಿರುಪತಿಯನ್ನು ಕರೆದುಕೊಂಡು ಬಾವಿಗೆ ಹೋದಳು. ಅವನು ಮನೆಯಲ್ಲಿದ್ದ ಖಾಲಿ ಸಾರಾಯಿ ಬಾಟಲಿ ತಂದಿದ್ದ, ಬಾಯಿ ಸಣ್ಣದು, ಚಲೋ ಮುಳುಗುತ್ತದೆ ಎಂದ. ಮಲ್ಲಾಬಾಯಿ ಅದನ್ನು ಕಸಿದು ದೂರ ಇಟ್ಟಳು. ಅದರಲ್ಲಿ ತುಂಬಿದರೆ ನಾಳೆ ವಾಸನೆ ಬಾಟಲಿಯದೇ ಎಂದು ಬರೆಯುತ್ತಾರೆ ಎಂದಳು. ತಂತಿ ಸುತ್ತಿ ಕಲ್ಲು ಕಟ್ಟಿ, ಬೂಚಿಗೆ ಬೇರೆ ದಾರ ಬಿಗಿದು, ಕಟ್ಟೆಯ ಮೇಲಿಂದಲೇ ಬಾಟಲಿ ಇಳಿಸಿದರು. ಕಲ್ಲು ತಳ ಮುಟ್ಟಿದ್ದು ಕೈಗೆ ತಿಳಿಯಿತು. ಬೂಚು ಜಗ್ಗಿದಳು. ಗುಳ್ಳೆ ನಿಂತ ಮೇಲೆ ಎಳೆದುಕೊಂಡಳು.

ಬಾಟಲಿಯಲ್ಲಿ ಎರಡು ಪದರ. ಮೇಲೆ ಬಾವಿಯ ನೀರು, ಕೆಳಗೆ ತೆಳು ಕಂದು ಬಣ್ಣದ್ದು, ನಡುವೆ ಗೆರೆ ಎಳೆದ ಹಾಗೆ ಅಂಚು. ಅಲುಗಾಡಿಸಿದರೆ ಕೆಳಗಿನದು ಹನಿಹನಿಯಾಗಿ ಒಡೆದು, ಮತ್ತೆ ಕೂಡಿ, ಮತ್ತೆ ಕೆಳಗೇ ಕೂತಿತು. ತಿರುಪತಿ ಹಣೆ ಮುಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟ.

ಆ ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲ್ಲಾಬಾಯಿ ಲ್ಯಾಬಿಗೇ ಒಯ್ದಳು. ಲ್ಯಾಬಿನಲ್ಲಿ ಪ್ರವೀಣಕುಮಾರ ಎಂಬ ಕೆಮಿಸ್ಟ್ ಇದ್ದ. ಶಹಾಪುರದವನು, ಬಿಎಸ್ಸಿ ಓದಿದವನು, ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದ. ಊಟದ ಹೊತ್ತಿನಲ್ಲಿ ಉಳಿದವರು ಹೊರಗೆ ಹೋದ ಮೇಲೆ ಬಾಟಲಿಯನ್ನು ಅವನ ಮುಂದಿಟ್ಟು, ಇದೇನೆಂದು ನೋಡಿ ಹೇಳಿರಿ ಎಂದಳು. ಅವನು ನೋಡಿದ ಕೂಡಲೇ ಬಾಗಿಲ ಕಡೆ ಕಣ್ಣು ಹಾಯಿಸಿದ. ಆದರೂ ಮಾಡಿದ. ಕೆಳಗಿನ ಪದರವನ್ನು ಬೇರೆ ಮಾಡಿ, ಸಣ್ಣ ಬಾಟಲಿಗೆ ತುಂಬಿ ತೂಗಿದ; ಅಷ್ಟೇ ನೀರಿನ ತೂಕದ ಒಂದೂ ಕಾಲು ಪಟ್ಟಿಗಿಂತ ತುಸು ಹೆಚ್ಚು ತೂಗಿತು. ಉಳಿದದ್ದನ್ನು ಗಾಜಿನ ಬುಡ್ಡಿಗೆ ಹಾಕಿ, ಬಾಯಿಗೆ ಕೊಳವೆ ಕೂಡಿಸಿ, ಬಿಸಿ ನೀರಿನಲ್ಲಿ ಕೂರಿಸಿದ. ಉಷ್ಣಮಾಪಕದ ಗೆರೆ ನಲವತ್ತು ಮುಟ್ಟಿ ಅಲ್ಲೇ ನಿಂತಿತು, ಕೊಳವೆಯ ತುದಿಯಿಂದ ತಿಳಿಯಾದ ಹನಿಗಳು ತೊಟ್ಟಿಕ್ಕತೊಡಗಿದವು. ಬುಡ್ಡಿಯಲ್ಲಿ ಕಂದು ಜಿಡ್ಡು ಉಳಿಯಿತು.

ಡಿಸಿಎಂ ಎಂದ ಪ್ರವೀಣಕುಮಾರ. ಅದರ ಜೊತೆಗಿನ ಜಿಡ್ಡು ತಮ್ಮದೇ ಬಾಯ್ಲರಿನ ತಳದಲ್ಲಿ ಉಳಿಯುವ ಜಿಡ್ಡು ಎಂಬುದನ್ನೂ ಬಾಯಿಬಿಟ್ಟ. ಆಮೇಲೆ ಕೈ ಒರೆಸಿಕೊಳ್ಳುತ್ತಾ ತನ್ನ ಹೆಸರು ಎಲ್ಲೂ ಬರಬಾರದು, ಮನೆಯಲ್ಲಿ ತಾಯಿಗೆ ಹುಷಾರಿಲ್ಲ ಎಂದ.

ಅಲ್ಲಿಯವರೆಗೆ ಅವನನ್ನು ಸರ್ ಎನ್ನುತ್ತಿದ್ದ ಮಲ್ಲಾಬಾಯಿ ಆ ಹೊತ್ತು ಆ ಮಾತನ್ನು ಬಿಟ್ಟಳು. “ತಮ್ಮಾ, ನಿಮ್ಮ ಹೊಲಸು ಎಲ್ಲಿ ಹೋಗ್ತದ ಅಂತ ನಿನಗ ಮೊದಲೇ ಗೊತ್ತಿತ್ತೇನು?”

ಅವನು ತಲೆ ತಗ್ಗಿಸಿ ಬುಡ್ಡಿ ಬಿಚ್ಚಿದ. ಆರು ವರ್ಷದಲ್ಲಿ ಮೊದಲ ಸಲ ಆ ಬುಡ್ಡಿಯನ್ನು ಆಕೆ ತೊಳೆಯಲಿಲ್ಲ. ಮೇಜಿನ ಮೇಲೆ ಹಾಗೇ ಬಿಟ್ಟು ಹೊರಬಂದಳು.

ಮುಂದಿನ ಸೋಮವಾರ ಎರಡನೆಯ ಬಾಟಲಿಯನ್ನೂ ಹಾಗೇ ತುಂಬಿಕೊಂಡು ಯಾದಗಿರಿಗೆ ಬಸ್ಸು ಹತ್ತಿದಳು. ಕಚೇರಿಯ ಗುಮಾಸ್ತ ಖಾಸಗಿಯವರು ತಂದದ್ದು ನಡೆಯುವುದಿಲ್ಲ ಎಂದ. ಎರಡನೆಯ ದಿನ ಸಾಹೇಬರಿಲ್ಲ ಎಂದ. ಮೂರನೆಯ ದಿನ ಆಕೆ ಅವನ ಮೇಜಿನ ಮೇಲೆ ಬಾಟಲಿಯಿಟ್ಟು, ಇದು ಇಲ್ಲೇ ಇರಲಿ, ಬೂಚು ಮಾತ್ರ ತೆಗೆಯಬೇಡಿ, ಈ ಕೋಣೆಯ ಸೆಕೆಗೆ ಇದು ತಾನೇ ಕುದಿಯುತ್ತದೆ, ಕೆಳಗಿನ ಖಾನೆಯಲ್ಲಂತೂ ಇಡಲೇಬೇಡಿ ಎಂದು ಗಟ್ಟಿಯಾಗಿ ಹೇಳಿ ಬಾಗಿಲಲ್ಲಿ ಕುಳಿತಳು. ಅವನು ಕುರ್ಚಿ ಹಿಂದೆ ಸರಿಸಿ ಎದ್ದು ಒಳಗೆ ಹೋದ. ಆಗ ಹೊರಗೆ ಬಂದವಳು ಶಿವಲೀಲಾ. ಆ ಕಚೇರಿಗೆ ಬಂದು ಒಂದು ತಿಂಗಳಷ್ಟೇ ಆಗಿದ್ದ ಅಧಿಕಾರಿ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೊದಲ ಮಾದರಿಯನ್ನು ಯಾರು, ಯಾವುದರಲ್ಲಿ, ಹೇಗೆ ತೆಗೆದರೆಂದು ಕೇಳಿದಳು. ಕೇಳುತ್ತಾ ಕೇಳುತ್ತಾ ಆಕೆಯ ಮುಖವೂ ಬಿಗಿಯಿತು. ಶುಕ್ರವಾರ ಬರುತ್ತೇನೆ, ಕಾರ್ಖಾನೆಯವರನ್ನೂ ಕರೆಸುತ್ತೇನೆ ಎಂದಳು.

ಶುಕ್ರವಾರ ಬಾವಿಯ ಸುತ್ತ ಓಣಿಯೇ ಸೇರಿತ್ತು. ಹುಲಗಪ್ಪನ ಹೆಂಡತಿ ಭುವನೇಶ್ವರಿ ಎರಡು ಮಕ್ಕಳನ್ನು ಹಿಡಿದುಕೊಂಡು ಬೇವಿನ ಗಿಡದ ನೆರಳಲ್ಲಿ ನಿಂತಿದ್ದಳು. ಕಾರ್ಖಾನೆಯ ಮ್ಯಾನೇಜರು ಕಾರಿನ ಪಕ್ಕದಲ್ಲಿ ನಿಂತಿದ್ದ. ಶಿವಲೀಲಾ ಜೊತೆ ಬಂದ ಆಳು ಮತ್ತೆ ಪ್ಲಾಸ್ಟಿಕ್ ಕ್ಯಾನನ್ನೇ ಇಳಿಸಿದಾಗ ಮಲ್ಲಾಬಾಯಿ ಅದನ್ನು ಕಾಲಿನಿಂದ ಆಚೆ ತಳ್ಳಿದಳು. ಗಾಜಿನದು ಬೇಕು, ಗಂಟಲಿನ ತನಕ ತುಂಬಬೇಕು, ಒಂದು ಬೆರಳು ಜಾಗ ಬಿಟ್ಟರೂ ಅದು ಹಾರಿಹೋಗುತ್ತದೆ, ಬರ್ಫದಲ್ಲಿ ತಣ್ಣಗೆ ಇಟ್ಟು ಒಯ್ಯಬೇಕು. ಇದು ತಮ್ಮ ಲ್ಯಾಬಿನಲ್ಲಿ ದಿನದ ರೂಢಿ, ನಿಮಗೆ ಯಾಕೆ ಗೊತ್ತಿಲ್ಲ ಎಂದು ಎಲ್ಲರ ಮುಂದೆ ಕೇಳಿದಳು. ಶಿವಲೀಲಾ ತನ್ನ ಜೀಪಿನಿಂದ ಗಾಜಿನ ಬಾಟಲಿಗಳನ್ನೂ ಬರ್ಫದ ಪೆಟ್ಟಿಗೆಯನ್ನೂ ತರಿಸಿದಳು. ಅವಳು ತಯಾರಾಗಿಯೇ ಬಂದಿದ್ದಳು.

ಮೇಲಿನದು ಬಂತು, ತಿಳಿ. ನಡುವಿನದು ಬಂತು, ತಿಳಿ. ತಳದ್ದು ಬಂದಾಗ ಜನ ಮುಂದೆ ನುಗ್ಗಿ ನೋಡಿದರು. ಬಾಟಲಿಯ ಅರ್ಧಕ್ಕಿಂತ ಹೆಚ್ಚು ಕಂದು.

ಮ್ಯಾನೇಜರು ಮುಂದೆ ಬಂದು, ತೆಲುಗು ಬೆರೆತ ಕನ್ನಡದಲ್ಲಿ, ಬಾವಿಯ ಮೇಲೆ ಡೀಸೆಲ್ ಪಂಪಿದೆಯಲ್ಲ, ಅದರ ಎಣ್ಣೆ ಸೋರಿ ಇಳಿದಿರಬೇಕು ಎಂದ.

ಮಲ್ಲಾಬಾಯಿ ಅವನ ಎದುರಿಗೇ ಹೋಗಿ ನಿಂತಳು. ಆರು ವರ್ಷದಲ್ಲಿ ಆ ಮನುಷ್ಯ ಆಕೆಯ ಮುಖವನ್ನು ಸರಿಯಾಗಿ ನೋಡಿದ್ದೇ ಇಲ್ಲ.

“ಡೀಸೆಲ್ ನೀರಿನ ಮ್ಯಾಲ ತೇಲತದ್ರಿ. ಇದು ಕೆಳಗ ಕುಂತದ. ನಿಮ್ಮ ಲ್ಯಾಬಿನ್ಯಾಗ ಆರು ವರ್ಷ ಇದನ್ನೇ ತೊಳದೀನಿ, ಇದರ ಮಾರಿ ನನಗ ಗೊತ್ತದ. ನಿಮಗ ಗೊತ್ತಿಲ್ಲಂದ್ರ ಆ ಕಾರ್ಖಾನಿ ಹ್ಯಾಂಗ ನಡಸ್ತೀರಿ?”

ಮ್ಯಾನೇಜರು ಶಿವಲೀಲಾಳ ಕಡೆ ತಿರುಗಿ ಏನೋ ಹೇಳಹೋದ. ಅವಳು ಬಾಟಲಿಯ ಮೇಲೆ ಚೀಟಿ ಅಂಟಿಸುತ್ತಿದ್ದಳು. ಬರೆದದ್ದು ಮುಗಿದ ಮೇಲೆ ಅವನ ಸಹಿ ಕೇಳಿದಳು. ಅವನು ಕೈ ಹಿಂದೆಳೆದುಕೊಂಡ. ‘ಸಹಿ ಮಾಡಲು ನಿರಾಕರಿಸಿದರು’ ಎಂದು ಅದನ್ನೂ ಬರೆದುಕೊಂಡಳು.

ಫಲಿತಾಂಶ ಬರಲು ಇಪ್ಪತ್ತು ದಿನ ಹಿಡಿಯಿತು. ಮಲ್ಲಾಬಾಯಿ ಹೇಳಿದ್ದೇ ಬಂತು. ಟ್ಯಾಂಕರಿನ ಗುತ್ತಿಗೆದಾರನನ್ನು ಹಿಡಿದರು. ಕಾರ್ಖಾನೆಯ ಗೇಟಿಗೆ ನೋಟಿಸು ಅಂಟಿಸಿ ಬೀಗ ಹಾಕಿದರು. ಎರಡು ತಿಂಗಳಿಗೆ, ತಪ್ಪೆಲ್ಲ ಗುತ್ತಿಗೆದಾರನದು ಎಂದು ಬರೆದುಕೊಟ್ಟು ಕಾರ್ಖಾನೆ ಮತ್ತೆ ಶುರುವಾಯಿತು. ಬಾವಿಗೆ ತಂತಿ ಬೇಲಿ ಬಿಗಿದು ಅಪಾಯದ ಫಲಕ ನೆಟ್ಟರು. ಓಣಿಗೆ ಎರಡು ದಿನಕ್ಕೊಮ್ಮೆ ನೀರಿನ ಟ್ಯಾಂಕರು, ಅದೂ ಬಂದರೆ ಬಂತು. ಪ್ರವೀಣಕುಮಾರ ಕೆಲಸ ಬಿಟ್ಟು ಹೈದರಾಬಾದಿಗೆ ಹೋದನೆಂದು ಕೇಳಿದಳು. ಆಕೆಯ ಕೆಲಸದ ಸುದ್ದಿಯನ್ನು ಕೂಲಿ ಪೂರೈಸುವ ಮೇಸ್ತ್ರಿ ಫೋನಿನಲ್ಲಿ ಎರಡೇ ಮಾತಲ್ಲಿ ಮುಗಿಸಿದ, ಗೇಟು ತೆರೆದರೂ ನೀನು ಬರಬೇಡ ಎಂದ.

ಆ ಫಲಿತಾಂಶದ ಪ್ರತಿ ಹಿಡಿದು ಮಲ್ಲಾಬಾಯಿ ಠಾಣೆಗೆ ಹೋದಳು. ಜಲಾಲುದ್ದೀನ ಆಕೆಗೆ ಕುರ್ಚಿ ಹಾಕಿಸಿದ. ಓದಿ ನೋಡಿ, ಮೊದಲು ಬರೆದದ್ದು ತಪ್ಪಾಯಿತು ಎಂದು ಒಪ್ಪಿಕೊಂಡ. ಮೇಲಿನವರನ್ನು ಕೇಳಿಕೊಂಡು ಬಂದು ಹೊಸದಾಗಿ ಹೇಳಿಕೆ ಬರೆಯತೊಡಗಿದ. ಅಮಲು ಎಂಬುದು ಹೋಯಿತು. ಅದರ ಬದಲು ‘ಬಾವಿಯಲ್ಲಿನ ಕೆಟ್ಟ ಗಾಳಿ ಸೇವನೆಯಿಂದ’ ಎಂದು ಬರೆದು ಓದಿ ಹೇಳಿದ.

“ಕೆಟ್ಟ ಗಾಳಿ ಅಂದ್ರ ಯಾವುದ್ರಿ?” ಎಂದಳು ಮಲ್ಲಾಬಾಯಿ. “ಬಾವಿ ತಾನಾಗೇ ಕೆಟ್ಟಿಲ್ಲ. ತಂದು ಸುರುವ್ಯಾರ. ಅದಕ್ಕೊಂದು ಹೆಸರದ, ನಾ ಹೇಳ್ತೀನಿ, ನೀವು ಬರೀರಿ.”

ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಡೈ. ಕ್ಲೋ. ರೋ. ಮೀ. ಥೇನ್. ಆರು ವರ್ಷ ಸಾವಿರ ಬಾಟಲಿಗಳ ಮೇಲೆ ನೋಡಿದ ಹೆಸರು. ಜಲಾಲುದ್ದೀನ ಎರಡು ಸಲ ತಪ್ಪಿ ತಿದ್ದಿ ಬರೆದ. ಎಲ್ಲಿಂದ ಬಂತು, ಯಾವ ಗಣಿಗೆ ಸುರಿದರು ಎಂಬುದನ್ನೂ ಬರೆಸಿಕೊಂಡ ಮೇಲೆಯೇ ಆಕೆ ಸಹಿ ಹಾಕಿದಳು. ಹೊರಗೆ ಬಂದಾಗ ಎದೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಬಸ್ಸು ಬರುವವರೆಗೂ ಹಲ್ಲು ಕಚ್ಚಿಕೊಂಡೇ ನಿಂತಿದ್ದಳು.

ಇದಾದ ಮೇಲೆ ಒಂದು ತಿಂಗಳು ಕಳೆದಿರಬೇಕು. ಮಲ್ಲಾಬಾಯಿ ಹತ್ತಿಯ ಕಳೆ ತೆಗೆದು ಬಂದು ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದಳು. ಭುವನೇಶ್ವರಿ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳು ಸುರಪುರದ ಕಡೆಯ ಬೋನಾಳದವಳು, ಮಾತು ಕಡಿಮೆ. ಕಾರ್ಖಾನೆಯವರು ಮೇಸ್ತ್ರಿಯನ್ನು ಕಳಿಸಿದ್ದರಂತೆ. ಸತ್ತವನ ಹೆಂಡತಿ ಎಂದು ಒಂದು ಕೆಲಸ ಕೊಡುತ್ತಾರಂತೆ. ಯಾವ ಕೆಲಸ ಎಂದು ಮಲ್ಲಾಬಾಯಿ ಕೇಳಿದಳು. ಭುವನೇಶ್ವರಿ ನೆಲ ನೋಡುತ್ತಾ ಹೇಳಿದಳು, ಲ್ಯಾಬಿನಲ್ಲಿ ಗಾಜು ತೊಳೆಯುವುದು.

ಮಲ್ಲಾಬಾಯಿ ಕೈಯಲ್ಲಿದ್ದ ಚೆಂಬನ್ನು ಕಲ್ಲಿಗೆ ಕುಕ್ಕಿದಳು, ಅದು ಉರುಳಿ ಅಂಗಳದ ತುದಿಗೆ ಹೋಯಿತು. ಅವನನ್ನು ಕೊಂದವರ ಮುಸುರೆ ತೊಳೆಯಲು ನಾಚಿಕೆಯಾಗುವುದಿಲ್ಲವೇ ಎಂದಳು, ತನ್ನ ಬಾಯಿ ಮುಚ್ಚಿಸಲೆಂದೇ ಅವರು ಮನೆಯೊಳಗೇ ಕಲ್ಲು ಎಸೆಯುತ್ತಿದ್ದಾರೆ ಎಂದಳು, ಬಾಯಿಗೆ ಬಂದದ್ದೆಲ್ಲ ಅಂದಳು. ಭುವನೇಶ್ವರಿ ಅಳಲಿಲ್ಲ.

“ಯಕ್ಕಾ, ನೀ ಬೈ, ನಾ ಕೇಳ್ತೀನಿ. ಹತ್ತಿ ಕಳಿ ತಗಿಯೋದು ಎರಡು ತಿಂಗಳಿಗಿ ಮುಗೀತದ. ಆಮ್ಯಾಲ ಈ ಎರಡು ಮಕ್ಕಳಿಗಿ ನಾ ಏನು ಹಾಕ್ಲಿ?”

ಮಲ್ಲಾಬಾಯಿ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಹಿಟ್ಟು ನಾದಿದಳು, ಎರಡು ರೊಟ್ಟಿ ಬಡಿದಳು. ಭುವನೇಶ್ವರಿ ಇನ್ನೂ ಬಾಗಿಲಲ್ಲೇ ಇದ್ದಳು. ಆಗ ಮಲ್ಲಾಬಾಯಿ ತಿರುಗಿ ನೋಡದೆಯೇ ಒಳಗೆ ಬಂದು ಕೂರು ಎಂದಳು.

ಕೂತ ಮೇಲೆ ಹೇಳತೊಡಗಿದಳು. ದನಿಯಲ್ಲಿ ಬೈಗುಳದ ಬಿರುಸು ಇಳಿದಿರಲಿಲ್ಲ. ಅಸಿಟೋನು ಕೈಗೆ ಬಿದ್ದರೆ ತಣ್ಣಗೆ ಹತ್ತಿ ಕ್ಷಣದಲ್ಲಿ ಆರಿಹೋಗುತ್ತದೆ, ಚರ್ಮ ಬಿಳಿಚುತ್ತದೆ, ಬೆಂಕಿಯ ಹತ್ತಿರ ಒಯ್ಯಬಾರದು. ಹೆಕ್ಸೇನು ಅದಕ್ಕಿಂತ ಕೆಟ್ಟದ್ದು, ದಿನಾ ಮೂಸಿದರೆ ಕೈಕಾಲು ಜೋಮು ಹಿಡಿಯುತ್ತವೆ. ಟಾಲೀನಿನ ವಾಸನೆಗೆ ತಲೆ ಹಿಡಿಯುತ್ತದೆ, ಅದು ನಿಧಾನಕ್ಕೆ ಆರುವಂಥದ್ದು, ಸೀರೆಗೆ ಹತ್ತಿದರೆ ಮನೆಯ ತನಕ ಬರುತ್ತದೆ. ತೆಳುವಾದ ಕೈಗವಸು ಕೊಡುತ್ತಾರೆ, ಡಿಸಿಎಂ ಅದನ್ನು ಚಣದಲ್ಲಿ ದಾಟಿ ಒಳಗೆ ಬರುತ್ತದೆ, ದಪ್ಪನೆಯದು ಕೊಡುವವರೆಗೆ ಪಾತ್ರೆ ಮುಟ್ಟಬೇಡ. ಕೇಳು, ಮತ್ತೆ ಮತ್ತೆ ಕೇಳು, ಹೆದರಬೇಡ. ಬಗ್ಗಿ ಒರೆಸುವ ಕೆಲಸವಿದ್ದರೆ ಮೊದಲು ಬಾಗಿಲು ತೆರೆ. ಸಿಹಿ ವಾಸನೆ ಬಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ನಡೆ, ಮ್ಯಾನೇಜರೇ ಎದುರಿಗಿದ್ದರೂ ನಿಲ್ಲಬೇಡ.

ಭುವನೇಶ್ವರಿ ಹೂಂ ಹೂಂ ಎನ್ನುತ್ತಿದ್ದಳು. ಮಲ್ಲಾಬಾಯಿಗೆ ಅದು ಸಾಕಾಗಲಿಲ್ಲ. ಯಾವುದು ಮೇಲೆ ತೇಲುತ್ತದೆ, ಯಾವುದು ನೀರಿನಲ್ಲಿ ಕೂಡುತ್ತದೆ, ಯಾವುದು ಕೆಳಗೆ ಹೋಗುತ್ತದೆ ಎಂದು ತಿರುಗಿ ಕೇಳಿದಳು. ಭುವನೇಶ್ವರಿ ಟಾಲೀನನ್ನು ಕೆಳಗೆ ಹೇಳಿದಳು. ತಪ್ಪು ಎಂದು ಗದರಿ, ರೊಟ್ಟಿಯನ್ನು ಅವಳ ಮುಂದೆ ಸರಿಸಿ, ಮೊದಲಿನಿಂದ ಹೇಳು ಎಂದಳು.